ಮನೆಯಲ್ಲಿ ಯಾವ ಭಾಷೆ

ಬುಧವಾರ, ಆಗಸ್ಟ್ 30, 2017

ಕನ್ನಡ ತರಗತಿಯನ್ನು ನಿಲ್ಲಿಸಿದ್ದಾರೆ. ಎರಡು ಸಾಲಿನ ಇ-ಮೇಲ್ ಕಳಿಸಿ ನಮ್ಮೂರಿನ ಆಡಳಿತವಾದ ಕಮ್ಯೂನ್ ಐದು ಮಕ್ಕಳ ಭಾಷೆಯನ್ನು ಕಿತ್ತುಕೊಂಡಿದೆ.

"ಮಾತೃಭಾಷಾ ಬೋಧನೆಗೆ ಬೇಕಾದ ಷರತ್ತುಗಳು ಪೂರೈಕೆಯಾಗಿಲ್ಲ. ನಿಮ್ಮ ಶರತ್ಕಾಲ ಚೆನ್ನಾಗಿರಲಿ." ಅಷ್ಟೇ. ಭಾಷೆಯನ್ನು ಕಸಿದುಕೊಂಡ ಕೈಯೇ ಶುಭಾಶಯವನ್ನೂ ಬರೆದಿದೆ.

ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿಗೆ ಆ ಭಾಷೆಯನ್ನು ಶಾಲೆಯಲ್ಲೇ ಕಲಿಸಬೇಕೆಂದು ಈ ದೇಶದ ಕಾನೂನು ಹೇಳುತ್ತದೆ. ಊರಿನಲ್ಲಿ ಐದು ಮಕ್ಕಳಿರಬೇಕು, ಕಲಿಸಲು ಒಬ್ಬರಿರಬೇಕು. ಐದು ಮಕ್ಕಳಿದ್ದಾರೆ: ನನ್ನ ತಮ್ಮ ಸಂಕೇತ್, ಪದ್ಮಿನಿ ಆಂಟಿಯ ಆರಾಧ್ಯಾ, ಶೋಭನಾ ಆಂಟಿಯ ಅವಳಿ ಮಕ್ಕಳಾದ ಅದ್ವೈತ್ ಮತ್ತು ಅನಿಕಾ, ವೆಂಕಟರಮಣ ಅಂಕಲ್ ಮಗ ದೇವ್. ಕಲಿಸಲು ನಾನಿದ್ದೇನೆ. ಬೆಳಿಗ್ಗೆ ಅಂಗಡಿಯಲ್ಲಿ ಹಾಲಿನ ಡಬ್ಬ ಜೋಡಿಸಿ, ಶುಕ್ರವಾರ ಮಧ್ಯಾಹ್ನ ಕನ್ನಡ ಕಲಿಸುತ್ತಿದ್ದೆ.

ಕಮ್ಯೂನಿನವರಿಗೆ ಚುಚ್ಚಿದ್ದು ಏನೆಂದು ನನಗೆ ಗೊತ್ತು. ನಾನು ಅಕ್ಷರಮಾಲೆಗೆ ನಿಲ್ಲಲಿಲ್ಲ. ಗೋಕಾಕ್ ಚಳವಳಿಯ ಬಗ್ಗೆ ಹೇಳಿದೆ. ಇದೇ ಸ್ವೀಡನ್ನಿನ ಉತ್ತರದ ಶಾಲೆಗಳಲ್ಲಿ ತಮ್ಮ ಭಾಷೆ ಆಡಿದ ಸಾಮಿ ಬುಡಕಟ್ಟಿನ ಮಕ್ಕಳನ್ನು ಶಿಕ್ಷಿಸುತ್ತಿದ್ದುದನ್ನೂ ಹೇಳಿದೆ. ತಮ್ಮ ಚರಿತ್ರೆ ತಿಳಿದ ಮಕ್ಕಳನ್ನು ಕಂಡರೆ ಯಾವ ಪ್ರಭುತ್ವಕ್ಕೂ ಆಗುವುದಿಲ್ಲ.

ಶುಕ್ರವಾರ, ಸೆಪ್ಟೆಂಬರ್ 1

ತರಗತಿಯ ಹೊತ್ತಿಗೆ ಅಭ್ಯಾಸಬಲದಿಂದ ಶಾಲೆಯ ಬಸ್ ನಿಲ್ದಾಣದಲ್ಲಿ ಇಳಿದುಬಿಟ್ಟೆ. ಮುಂದಿನ ಬಸ್ಸಿಗೆ ಕಾಯುತ್ತ ಅಲ್ಲಿಯೇ ಕೂತೆ.

ನನ್ನ ಬೂಟಿನ ಪೆಟ್ಟಿಗೆಯ ತುಂಬ ಕರಪತ್ರಗಳಿವೆ. ಮೇ ಒಂದರ ಮೆರವಣಿಗೆಗಳಲ್ಲಿ ಹಂಚಿದವು, ಗ್ರಂಥಾಲಯದ ಬಾಗಿಲಲ್ಲಿ ಸಿಕ್ಕಿದವು, ಇಂಟರ್ನೆಟ್ಟಿನಿಂದ ಇಳಿಸಿ ಮುದ್ರಿಸಿಕೊಂಡವು. ನಾನು ಕಾಲೇಜಿಗೆ ಹೋಗಲಿಲ್ಲ, ಈ ಪೆಟ್ಟಿಗೆಯೇ ನನ್ನ ಕಾಲೇಜು. ಇವತ್ತು ಅರಿಝೋನಾದ ಕರಪತ್ರವನ್ನು ಮತ್ತೆ ಓದಿದೆ. ಅಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಿಗೆ ಅವರ ಜನರ ಚರಿತ್ರೆ ಕಲಿಸುವ ತರಗತಿಯನ್ನು ಕಾನೂನು ಮಾಡಿಯೇ ನಿಷೇಧಿಸಿದ್ದರು. ಆ ನಿಷೇಧದ ಹಿಂದೆ ಇದ್ದದ್ದು ಜನಾಂಗದ್ವೇಷವೆಂದು ಮೊನ್ನೆ ತಾನೇ ನ್ಯಾಯಾಲಯ ಹೇಳಿದೆ. ಅಲ್ಲಿಯ ಮಕ್ಕಳು ಶಾಲಾ ಮಂಡಳಿಯ ಸಭೆಗೆ ನುಗ್ಗಿ, ಸದಸ್ಯರ ಕುರ್ಚಿಗಳಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡಿದ್ದರಂತೆ.

ರಾತ್ರಿ ಊಟಕ್ಕೆ ಕೂತಾಗ ಸಂಕೇತನಿಗೆ ಇದನ್ನು ಹೇಳಿದೆ. ಹನ್ನೊಂದು ವರ್ಷದ ಹುಡುಗನ ರಕ್ತ ಕುದಿಯಬೇಕಿತ್ತು.

"ಯಾವ ಬಗೆಯ ಸರಪಳಿ?" ಎಂದ. "ಸೈಕಲ್ಲಿನದೇ?"

ಆಮೇಲೆ ಕೋಲು ಹಿಡಿದು ಇನ್ನೆಬಾಂಡಿ ಆಡಲು ಹೋದ. ಇಲ್ಲಿಯ ಮಕ್ಕಳು ಜಿಮ್ನಾಸ್ಟಿಕ್ ಹಾಲಿನಲ್ಲಿ ಆಡುವ ಒಂಥರಾ ಹಾಕಿ ಅದು. ಅದಕ್ಕೆ ನಿಷೇಧವಿಲ್ಲ.

ಭಾನುವಾರ, ಸೆಪ್ಟೆಂಬರ್ 10

ಒಂದು ಕರಪತ್ರ ಬರೆದೆ. 'ನಮ್ಮ ನಾಲಗೆ, ನಮ್ಮ ಹಕ್ಕು'. ನೂರು ಪ್ರತಿ ಮಾಡಿಸಿ, ಒಂದನ್ನು ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿರುವ ಬಟ್ಟೆ ಒಗೆಯುವ ಕೋಣೆಯ ಫಲಕಕ್ಕೂ ಅಂಟಿಸಿದೆ. ಬೆಳಗಾಗುವಷ್ಟರಲ್ಲಿ ಯಾರೋ ಅದನ್ನು ಕಿತ್ತು, ಆ ಜಾಗದಲ್ಲಿ ಒಂದು ಚೀಟಿ ಅಂಟಿಸಿದ್ದರು: "ಈ ಫಲಕ ಬಟ್ಟೆ ಒಗೆಯುವ ವಿಷಯಕ್ಕೆ ಮಾತ್ರ."

ಸಂಜೆ ಕನ್ನಡ ಸಂಘದ ಸಭೆ. ಸಂಘದ ಅಧ್ಯಕ್ಷ ವೆಂಕಟರಮಣ ಅಂಕಲ್ ಲಿಂಡ್‌ಹೋಲ್ಮೆನ್‌ನ ಕಾರು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಅಪ್ಪನ ಜೊತೆ ಕೆಲಸ ಮಾಡುತ್ತಾರೆ. ಅವರದು ಸ್ವಂತ ಮನೆ, ಸಭೆ ಅಲ್ಲೇ. ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತೋ ಪಲಾವೋ ಎಂಬ ಬಗ್ಗೆ ಒಂದು ಗಂಟೆ ಚರ್ಚೆ ನಡೆಯಿತು. ಅದು ಮುಗಿದ ಮೇಲೆ ನಾನು ಎದ್ದು ಕರಪತ್ರ ಓದಿದೆ.

"ಫೋರ್ಸ್ ಇದೆಯಮ್ಮ, ಚೆನ್ನಾಗಿದೆ" ಎಂದರು ಅಂಕಲ್. "ಆದ್ರೆ ಕಮ್ಯೂನ್ ಜೊತೆ ಫೈಟ್ ಯಾಕೆ? ನಾವು ಇಲ್ಲಿ ಗೆಸ್ಟ್‌ಗಳು."

"ಇಷ್ಟು ವರ್ಷದಿಂದ ಟ್ಯಾಕ್ಸ್ ಕಟ್ಕೊಂಡಿರೋ ಗೆಸ್ಟ್ ಎಲ್ಲಾದ್ರೂ ಇರ್ತಾರಾ ಅಂಕಲ್?"

"ನೋಡಪ್ಪ ಬದರಿ, ನಿನ್ನ ಮಗಳ್ನ ಲಾ ಓದಿಸ್ಬೇಕಿತ್ತು." ಎಲ್ಲರೂ ನಕ್ಕರು. ಅಪ್ಪ ತಟ್ಟೆ ನೋಡುತ್ತ ಕೂತಿದ್ದರು. ಅಂಕಲ್ ನನ್ನ ಕಡೆ ತಿರುಗಿದರು: "ಒಂದ್ ಕೆಲ್ಸ ಮಾಡು ಕಾಂಚನಾ. ರಾಜ್ಯೋತ್ಸವಕ್ಕೆ ಮಕ್ಕಳ ಕೈಲಿ ಒಂದು ಡ್ಯಾನ್ಸ್ ಮಾಡ್ಸು. ಕಲ್ಚರೂ ಆಯ್ತು, ಫೋಟೋನೂ ಆಯ್ತು."

ದಮನಿತರೇ ದಮನಕ್ಕೆ ಪಲಾವ್ ಬಡಿಸುತ್ತಿದ್ದಾರೆ. ಈ ಸಾಲನ್ನು ಮುಂದಿನ ಕರಪತ್ರಕ್ಕೆ ಇಟ್ಟುಕೊಳ್ಳಬೇಕು.

ಗುರುವಾರ, ಸೆಪ್ಟೆಂಬರ್ 14

ಮಾತೃಭಾಷಾ ವಿಭಾಗದ ಬಿರ್ಗಿಟ್ಟಾ ಕೊನೆಗೂ ಸಮಯ ಕೊಟ್ಟಳು. ಜಗಳಕ್ಕೆಂದು ಹೋದವಳ ಮುಂದೆ ಕಾಫಿ ಮತ್ತು ಏಲಕ್ಕಿ ಬನ್ ಇಟ್ಟಳು. ಕಾಫಿ-ಬನ್ನಿನ ಈ ಫಿಕಾ ಇಲ್ಲಿ ಜಗಳಕ್ಕೂ ಬೇಕು.

"ಕಾಂಚನಾ, ಇದು ನಿಷೇಧವಲ್ಲ" ಎಂದಳು.

"ತರಗತಿ ಇತ್ತು, ಈಗ ಇಲ್ಲ. ನಿಮ್ಮ ಭಾಷೆಯಲ್ಲಿ ಅದಕ್ಕೆ ಏನನ್ನುತ್ತೀರಿ?"

"ಆ ಭಾಷೆ ಮನೆಯಲ್ಲಿ ದಿನಬಳಕೆಯಲ್ಲಿರಬೇಕು ಅನ್ನುವುದು ಕಾನೂನು. ಬೇಸಿಗೆಗೆ ಮುಂಚೆ ಎಲ್ಲ ಮನೆಗಳಿಗೂ ಫೋನ್ ಮಾಡಿ ಕೇಳಿದೆವು. ನಾಲ್ಕು ಮನೆಗಳಲ್ಲಿ ಮೂರು ಮನೆಯವರು 'ಸ್ವೀಡಿಷ್' ಅಂದರು."

ಯಾವ ಮೂರು ಮನೆ ಎಂದು ಕೇಳಿದೆ. ಹೇಳುವಂತಿಲ್ಲ ಎಂದಳು. ಅಕ್ಟೋಬರ್ ಕೊನೆಯೊಳಗೆ ಐದೂ ಮಕ್ಕಳ ಮನೆಯವರು ಮತ್ತೆ ಅರ್ಜಿ ಹಾಕಿ, ಮನೆಯ ಭಾಷೆ ಕನ್ನಡವೆಂದು ತಾವೇ ದೃಢಪಡಿಸಬೇಕು. ಆಮೇಲೆ ಅವಳು ಬಂದು ಮಕ್ಕಳು ಮಾತಾಡುವುದನ್ನು ಕೇಳುತ್ತಾಳೆ. ಒಂದು ಮಗು ಕಡಿಮೆಯಾದರೂ ಈ ವರ್ಷ ತರಗತಿ ಇಲ್ಲ.

ಸುಳ್ಳು. ಒಂದಕ್ಷರವೂ ನಿಜವಲ್ಲ. ಪದ್ಮಿನಿ ಆಂಟಿಗೆ ಸ್ವೀಡಿಷ್‌ನಲ್ಲಿ 'ಥ್ಯಾಂಕ್ಸ್' ಬಿಟ್ಟರೆ ಇನ್ನೇನೂ ಬರುವುದಿಲ್ಲ. ಬನ್ ತಿನ್ನದೆ ಎದ್ದು ಬಂದೆ.

ಶನಿವಾರ, ಸೆಪ್ಟೆಂಬರ್ 16

ಸಾಕ್ಷ್ಯ ಸಂಗ್ರಹಿಸಲು ಮನೆಮನೆಗೆ ಹೋದೆ. ಮೊದಲು ನಮ್ಮ ಕಟ್ಟಡದಲ್ಲೇ ಇರುವ ಪದ್ಮಿನಿ ಆಂಟಿಯ ಮನೆ.

"ಫೋನ್ ಬಂದಿತ್ತು ಕಣಮ್ಮ. ಒಗ್ಗರಣೆ ಹಾಕ್ತಾ ಇದ್ದೆ. ಆವಮ್ಮ ಸ್ವೀಡಿಷಲ್ಲಿ ಶುರು ಹಚ್ಕೊಂಡ್ಲು, ಆರಾಧ್ಯಾ ಕೈಗೆ ಕೊಟ್ಟೆ. ನಮ್ಮನೆ ಸ್ವೀಡಿಷ್ ಫೋನೆಲ್ಲ ಅವಳದೇ ಡಿಪಾರ್ಟ್‌ಮೆಂಟು. ಡೆಂಟಿಸ್ಟು, ಬ್ಯಾಂಕು, ಎಲ್ಲಾ."

ಆರಾಧ್ಯಾಗೆ ಒಂಬತ್ತು ವರ್ಷ. "ಮನೆಯಲ್ಲಿ ಯಾವ ಭಾಷೆ ಮಾತನಾಡುತ್ತೀ ಎಂದು ಕೇಳಿದರು, ಸ್ವೀಡಿಷ್ ಎಂದೆ" ಎಂದಳು. ತಪ್ಪೇನು ಎಂಬಂತೆ ನನ್ನ ಮುಖ ನೋಡಿದಳು.

ವೆಂಕಟರಮಣ ಅಂಕಲ್ ಫೋನನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ತಾವೇ, ಹೆಮ್ಮೆಯಿಂದ, ಸ್ವೀಡಿಷ್ ಎಂದಿದ್ದರು.

"ಗೌರ್ಮೆಂಟವ್ರು ಮನೇಲಿ ಯಾವ ಭಾಷೆ ಅಂದ್ರೆ ಇನ್ನೇನ್ ಹೇಳ್ಲಿ? ಇಂಟಿಗ್ರೇಷನ್ ಚೆಕ್ ಮಾಡ್ತಿದಾರೆ ಅನ್ಕೊಂಡೆ. ನನ್ನ ಸಿಟಿಜನ್‌ಶಿಪ್ ಅಪ್ಲಿಕೇಶನ್ ಇನ್ನೂ ಅಲ್ಲೇ ಕೂತಿದೆ."

"ಅದು ಮೈಗ್ರೇಷನ್ ಇಲಾಖೆ ಅಂಕಲ್. ಇದು ಸ್ಕೂಲು."

"ಎಲ್ಲಾ ಒಂದೇ ಕಂಪ್ಯೂಟರಮ್ಮ."

"ಹಾಗಾದ್ರೆ ಈಗ ಫೋನ್ ಮಾಡಿ, ಕನ್ನಡ ಅಂತ ಹೇಳಿ."

"ಆಗ ಒಂದು, ಈಗ ಒಂದು ಹೇಳಿದ್ರೆ ಸುಳ್ಳುಗಾರ ಅಂತ ಬರ್ಕೊಳಲ್ವಾ?"

ಸಾಕ್ಷ್ಯ ಸಿಕ್ಕಿತು. ನಾನು ಅಂದುಕೊಂಡವರ ವಿರುದ್ಧವಲ್ಲ. ಶೋಭನಾ ಆಂಟಿ ಮಾತ್ರ ಕನ್ನಡವೆಂದೇ ಹೇಳಿದ್ದರಂತೆ. ಹಾಗಿದ್ದರೆ ಆ ಮೂರನೆಯ ಮನೆ ಯಾವುದು?

ಭಾನುವಾರ, ಸೆಪ್ಟೆಂಬರ್ 17

ನಮ್ಮದು.

ಫೋನ್ ಬಂದಾಗ ಅಮ್ಮ ದಾಗಿಸ್‌ನಲ್ಲಿದ್ದಳು, ಅಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಅಪ್ಪ ಮೀಟಿಂಗಿನಲ್ಲಿದ್ದರು. ಮರೆತು ಮನೆಯಲ್ಲೇ ಬಿಟ್ಟು ಹೋಗಿದ್ದ ಅವರ ಫೋನನ್ನು ಎತ್ತಿದವನು ಸಂಕೇತ್.

"ಸುಳ್ಳು ಯಾಕೆ ಹೇಳಿದೆ?" ಎಂದು ಕೇಳಿದೆ.

"ಸುಳ್ಳಲ್ಲ. ನಾನು ಮಾತನಾಡುವುದು ಅದನ್ನೇ. ಅಲ್ಲದೆ ಶುಕ್ರವಾರ ಮಧ್ಯಾಹ್ನ ನಮಗೆ ಇನ್ನೆಬಾಂಡಿಯ ಅಭ್ಯಾಸದ ಆಟ ತಪ್ಪುತ್ತದೆ. ನಿನ್ನ ತರಗತಿಯಲ್ಲಿ ನಾವು ಬಾಯಿ ತೆರೆಯುವಂತೆಯೇ ಇಲ್ಲ. ಪ್ರಶ್ನೆ ಕೇಳುವವಳೂ ನೀನೇ, ಉತ್ತರಿಸುವವಳೂ ನೀನೇ."

ಅವನಿಗೆ ಚೆನ್ನಾಗಿ ಬೈದೆ. ಭಾಷೆ ಕಳೆದುಕೊಂಡವನು ಯಾರೂ ಅಲ್ಲದವನಾಗುತ್ತಾನೆ ಎಂದೆ, ಅಜ್ಜಿಯ ಹೆಸರು ತೆಗೆದೆ, ಸಾಮಿ ಮಕ್ಕಳ ಹೆಸರೂ ತೆಗೆದೆ. ಅಮ್ಮ ಕೈಯಲ್ಲಿ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು.

"ಕನ್ನಡದ ವಿಷಯಕ್ಕೆ ಜಗಳ ಆಡೋದಾದ್ರೆ ಕನ್ನಡದಲ್ಲೇ ಆಡ್ರೋ" ಎಂದಳು. "ಆ ಸ್ಪೀಡಲ್ಲಿ ನೀವು ಸ್ವೀಡಿಷ್ ಮಾತಾಡಿದ್ರೆ ನಂಗ್ ಅರ್ಧ ತಲೆಗೆ ಹೋಗಲ್ಲ. ಯಾರು ಸತ್ರು ಅಂತ ಓಡಿ ಬಂದೆ."

ಅವನು ಆಡುತ್ತಿದ್ದದ್ದು ಸ್ವೀಡಿಷ್. ನಾನು ಬೈಯುತ್ತಿದ್ದದ್ದೂ ಸ್ವೀಡಿಷ್.

ಕೋಣೆಗೆ ಬಂದು ಈ ದಿನಚರಿಯ ಹಿಂದಿನ ಪುಟಗಳನ್ನು ತಿರುವಿದೆ. ಅವನ ಪ್ರತಿ ಮಾತೂ ಇಲ್ಲಿ ಕನ್ನಡದಲ್ಲಿದೆ. ಸರಪಳಿಯ ಮಾತು ಕೂಡ. ಅವನು ಅದನ್ನು ಕನ್ನಡದಲ್ಲಿ ಆಡಿರಲಿಲ್ಲ. ನಾನೇ ತಿರುಗಿಸಿ ಬರೆದುಕೊಂಡಿದ್ದೇನೆ, ತಿರುಗಿಸುತ್ತಿದ್ದೇನೆಂದು ಗೊತ್ತೇ ಆಗದೆ. ಆರಾಧ್ಯಾಳ ಮಾತೂ ಹಾಗೆಯೇ. ಇವತ್ತು ಮೇಲೆ ಬರೆದದ್ದೂ ಹಾಗೆಯೇ. 'ಯಾವ ಬಗೆಯ ಸರಪಳಿ'ಯಂತೆ. ಯಾವ ಹನ್ನೊಂದು ವರ್ಷದ ಹುಡುಗ ಹಾಗೆ ಮಾತಾಡುತ್ತಾನೆ?

ಸೋಮವಾರ, ಸೆಪ್ಟೆಂಬರ್ 18

ಸಂಕೇತ್ ಇವತ್ತು ಆಡಿದ ಕನ್ನಡ: "ಸಾಕು." ಚಪಾತಿ ಬಡಿಸುವಾಗ. ಬೇರೇನೂ ಇಲ್ಲ.

ಶನಿವಾರ, ಸೆಪ್ಟೆಂಬರ್ 23

ಅರಿಝೋನಾದವರ ಮೇಲೆ ಹೊಟ್ಟೆಕಿಚ್ಚಾಗುತ್ತಿದೆ. ಇದು ಬರೆಯುವ ಮಾತಲ್ಲ, ಆದರೆ ಇದನ್ನು ಓದುವವರು ಯಾರೂ ಇಲ್ಲ. ಅಲ್ಲಿ ಆ ತರಗತಿಗೆ ಹೆದರಿ ಕಾನೂನು ಮಾಡಿದರು. ತರಗತಿಗಾಗಿ ಮಕ್ಕಳು ಕುರ್ಚಿಗೆ ಕಟ್ಟಿಕೊಂಡರು. ನನ್ನ ತರಗತಿಗೆ ಹೆದರಿದವರು ಯಾರು? ಅದರಲ್ಲಿ ಕೂತಿದ್ದ ಮಕ್ಕಳು.

ಕಳೆದ ವರ್ಷ ಆರಾಧ್ಯಾ ಒಮ್ಮೆ ಕೈ ಎತ್ತಿ, ಕನ್ನಡದಲ್ಲಿ ಬೈಯುವುದು ಹೇಗೆ ಎಂದು ಕೇಳಿದ್ದಳು. ಊರಲ್ಲಿರುವ ಅವಳ ಅಜ್ಜಿ ವಿಡಿಯೋ ಕಾಲಿನಲ್ಲಿ ಎಲ್ಲರಿಗೂ ಬೈಯುತ್ತಾರಂತೆ, ಅವಳಿಗೆ ತಿರುಗಿಸಿ ಬೈಯಬೇಕಂತೆ. ಅದು ಪಠ್ಯದಲ್ಲಿಲ್ಲ ಎಂದು ನಾನು ಗೋಕಾಕ್ ವರದಿಗೆ ಹೋದೆ.

ಶನಿವಾರ, ಸೆಪ್ಟೆಂಬರ್ 30

ಪದ್ಮಿನಿ ಆಂಟಿಯ ಮಣಿಕಟ್ಟು ಉಳುಕಿದೆ. ಒಗೆಯುವ ಕೋಣೆಯಲ್ಲಿ ಅವರಿಗೆ ಸಹಾಯ ಮಾಡೆಂದು ಅಮ್ಮ ಅಟ್ಟಿದಳು. ನನಗೆ ನೂರು ಕೆಲಸ.

ಆ ಕೋಣೆಯ ನಿಯಮ ಈ ದೇಶದ ಸಂವಿಧಾನಕ್ಕಿಂತ ಕಟ್ಟುನಿಟ್ಟು. ಗೋಡೆಯ ಹಲಗೆಯಲ್ಲಿ ದಿನದ, ಹೊತ್ತಿನ ತೂತುಗಳಿವೆ. ಪ್ರತಿ ಮನೆಗೂ ಒಂದು ಪುಟ್ಟ ಬೀಗ ಕೊಟ್ಟಿದ್ದಾರೆ. ಬೇಕಾದ ಹೊತ್ತಿನ ತೂತಿಗೆ ಬೀಗ ಸಿಕ್ಕಿಸಿದರೆ ಆ ಮೂರು ಗಂಟೆ ಆ ಕೋಣೆ ನಿಮ್ಮದು. ರಾಜ ಬಂದರೂ ಎಬ್ಬಿಸುವಂತಿಲ್ಲ.

ಆಂಟಿ ಕುರ್ಚಿಯಲ್ಲಿ ಕೂತು ಹುಕುಂ ಕೊಡುತ್ತಿದ್ದರು. ದೊಡ್ಡ ಬೆಡ್‌ಶೀಟ್ ಮಡಿಸಲು ಇಬ್ಬರು ಬೇಕು. ಒಂದು ತುದಿ ನಾನು, ಇನ್ನೊಂದು ತುದಿ ಆರಾಧ್ಯಾ.

"ಝಾಡ್ಸು. ಈಗ ಎಳಿ. ಎಳಿ ಅಂದ್ರೆ ತೂಗ್ತೀಯಲ್ಲೇ. ತುದಿಗೆ ತುದಿ ಸೇರ್ಸು."

"ಕಾಂಚನಕ್ಕ ಜಾಸ್ತಿ ಎಳೀತಾಳೆ ಅಮ್ಮ. ನಂದು ಕೈ ಹೋಗತ್ತೆ."

ಈ ಸಾಲನ್ನು ನಾನು ತಿರುಗಿಸಿಲ್ಲ. ಅವಳು ಆಡಿದ್ದೇ ಹೀಗೆ. ಸೋಪಿನ ಪುಡಿ ಕೊಡಲು ಬಂದ ಸಂಕೇತನನ್ನು ಆಂಟಿ ಬಿಡಲಿಲ್ಲ, ಅವನ ಕೈಗೂ ಒಂದು ತುದಿ ಕೊಟ್ಟರು. ಎರಡು ಕೈ ಚಾಚಿ, ಮುಂದೆ ಬಂದು, ಹಿಂದೆ ಹೋಗಿ, ನಾಲ್ಕು ಬೆಡ್‌ಶೀಟ್ ಆಗುವಷ್ಟರಲ್ಲಿ ಅವನೂ ಶುರು ಮಾಡಿದ.

"ಅಕ್ಕ, ಬಿಡ್ಬೇಡ. ಬಿಡ್ಬೇಡ ಅಂದೆ. ನೋಡು, ಕೊಳೆ ಆಯ್ತು."

ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. 'ಕನ್ನಡ ಆಡಿದೆ ನೋಡು' ಎಂದಿದ್ದರೆ ಅವನು ಅಲ್ಲಿಗೇ ನಿಲ್ಲಿಸುತ್ತಿದ್ದ. ಬೈಗುಳ ಕಲಿಸುವುದನ್ನು ಆಂಟಿಗೇ ಬಿಟ್ಟೆ. ಅವರು ಧಾರಾಳಿ.

ಭಾನುವಾರ, ಅಕ್ಟೋಬರ್ 8

ಒಂದರಿಂದ ನಾಲ್ಕರವರೆಗೆ ನಮ್ಮ ಮನೆಯ ಬೀಗ ಸಿಕ್ಕಿಸಿದ್ದೆ. ಶೋಭನಾ ಆಂಟಿ ಅವಳಿಗಳನ್ನೂ ಒಂದು ರಾಶಿ ಬಟ್ಟೆಯನ್ನೂ ತಂದರು. ಗದ್ದಲವೋ ಗದ್ದಲ. ಅದ್ವೈತ್ ಡ್ರೈಯರಿನೊಳಗೆ ತಲೆ ಹಾಕಿ ಕೂಗಿ ಪ್ರತಿಧ್ವನಿ ನೋಡುತ್ತಾನೆ. ಅನಿಕಾಗೆ ಕಾಲುಚೀಲಗಳ ಜೋಡಿ ಹುಡುಕುವ ಹುಚ್ಚು. ಸಿಗದಿದ್ದರೆ "ಇದರ ಗಂಡ ಎಲ್ಲಿ?" ಎಂದು ಎಲ್ಲರನ್ನೂ ಕೇಳುತ್ತ ಓಡಾಡುತ್ತಾಳೆ. ಆರಾಧ್ಯಾ ಅವನಿಗೆ ಕತ್ತೆ ಎಂದಳು, ಇವಳಿಗೆ ಗೂಬೆ ಎಂದಳು. ಅಜ್ಜಿಯ ಮೇಲೆ ಯುದ್ಧಕ್ಕೆ ತಯಾರಿ.

ಮಷಿನ್ ತಿರುಗುವ ಹೊತ್ತಿನಲ್ಲಿ ಅವರಿಗೆ ಚಿತ್ರ ಬರೆಯಲು ಕಾಗದ ಬೇಕಾಯಿತು. ಮೇಲೆ ಹೋಗಿ ಬೂಟಿನ ಪೆಟ್ಟಿಗೆಯನ್ನೂ ಹಂಚದೆ ಉಳಿದ ನನ್ನ ಕರಪತ್ರಗಳನ್ನೂ ತಂದೆ, ಹಿಂಬದಿ ಖಾಲಿಯೇ ಇದೆ. ಸಂಕೇತ್ ಮೊಸಳೆ ಬರೆದ.

ಎರಡು ಗಂಟೆಗೆ ವೆಂಕಟರಮಣ ಅಂಕಲ್ ದೇವ್‌ನನ್ನು ಕರೆದುಕೊಂಡು ಬಂದರು. ಅವರ ಮನೆಯಲ್ಲೇ ಎರಡು ಮಷಿನ್‌ಗಳಿವೆ. ಆದರೂ ಬರಿಗೈಯಲ್ಲಿ ಬರಲು ಸಂಕೋಚವಾಗಿ, ಇಸ್ತ್ರಿ ಮಾಡಿದ ಬೆಡ್‌ಶೀಟನ್ನು ಚೀಲದಲ್ಲಿ ತಂದಿದ್ದರು. ಅದನ್ನು ಬಿಚ್ಚಿ ಮತ್ತೆ ಮಡಿಸಿದೆವು.

"ಅರ್ಜಿ ಹಾಕಿದ್ರಾ ಅಂಕಲ್?" ಎಂದೆ. ಮಿಕ್ಕ ಮೂರು ಮನೆಯವರೂ ಹಾಕಿದ್ದಾರೆ. ಸಂಕೇತನ ಅರ್ಜಿಯನ್ನು ಸಂಕೇತನೇ ಮುಂದೆ ಕೂತು ಅಪ್ಪನ ಕೈಲಿ ಹಾಕಿಸಿದ. ತರಗತಿ ಶುಕ್ರವಾರ ಇರಕೂಡದು ಎಂಬುದು ಅವನ ಷರತ್ತು.

"ನೋಡೋಣಮ್ಮ" ಎಂದರು ಅಂಕಲ್. ಕಾಯುವುದೂ ಒಂದು ಕೆಲಸವೆಂದು ಈ ಮನುಷ್ಯರಿಗೆ ಯಾರು ಕಲಿಸಿದರೋ.

ಶುಕ್ರವಾರ, ಅಕ್ಟೋಬರ್ 13

ಬಿರ್ಗಿಟ್ಟಾ ಮಕ್ಕಳ ಮಾತು ಕೇಳಲು ಬಂದಳು. ಶಾಲೆಯಲ್ಲಿ, ನಮ್ಮ ಹಳೆಯ ಕೋಣೆಯಲ್ಲಿ. ಮಕ್ಕಳು ಸಾಲಾಗಿ ಕೂತರು.

"ನಿನ್ನ ಹೆಸರೇನು?" ಎಂದೆ. ಆರಾಧ್ಯಾ ಸ್ವೀಡಿಷ್‌ನಲ್ಲಿ ಹೆಸರು ಹೇಳಿದಳು. ಅದ್ವೈತ್ ಕಿಟಕಿ ನೋಡಿದ. ಕಾಲುಚೀಲಕ್ಕೆ ಗಂಡ ಹುಡುಕಿದ ಅನಿಕಾ ಬಾಯಿ ಬಿಡಲಿಲ್ಲ. ನಾನು ಪ್ರಶ್ನೆ ಕೇಳಿದೆ, ಸುಮ್ಮನಿರಲಾರದೆ ನಾನೇ ಉತ್ತರಿಸಿದೆ. ಸಂಕೇತ್ ನನ್ನ ಕಡೆ ನೋಡಿ ನಕ್ಕ.

ಬಿರ್ಗಿಟ್ಟಾ ಪೆನ್ನಿಗೆ ಮುಚ್ಚಳ ಹಾಕಿದಳು. ಸಿಟ್ಟು ಯಾರ ಮೇಲೆಂದು ಗೊತ್ತಿದ್ದರೆ ಸ್ವಲ್ಪ ಸುಖವಿರುತ್ತಿತ್ತು.

ಮಂಗಳವಾರ, ಅಕ್ಟೋಬರ್ 17

ಅಂಗಡಿಯ ಗೋದಾಮಿನಿಂದಲೇ ಬಿರ್ಗಿಟ್ಟಾಗೆ ಫೋನ್ ಮಾಡಿದೆ. ಇನ್ನೊಮ್ಮೆ ಕೇಳಬೇಕು, ಶಾಲೆಯಲ್ಲಿ ಬೇಡ, ನಮ್ಮ ಒಗೆಯುವ ಕೋಣೆಗೆ ಬಾ ಎಂದೆ. ನನ್ನ ಹತ್ತಿರ ಕಾನೂನಿನ ಮೂರು ವಾದಗಳು ತಯಾರಿದ್ದವು.

"ಆ ಕೋಣೆಗೆ ಸಮಯ ಬುಕ್ ಮಾಡಿದ್ದೀಯಾ?" ಎಂದಳು.

"ಮಾಡುತ್ತೇನೆ."

"ಹಾಗಾದರೆ ಬರುತ್ತೇನೆ. ನನಗೆ ಭಾಷೆ ಅರ್ಥವಾಗಬೇಕಿಲ್ಲ. ಅವರು ಅದರಲ್ಲಿ ಒಬ್ಬರಿಗೊಬ್ಬರು ಮಾತಾಡುತ್ತಾರೋ ಇಲ್ಲವೋ ಎಂಬುದು ಕಂಡರೆ ಸಾಕು. ಆದರೆ ಐದನೆಯ ಅರ್ಜಿ ಇನ್ನೂ ಬಂದಿಲ್ಲ, ಕಾಂಚನಾ. ಅದಿಲ್ಲದೆ ನಾನು ಬಂದು ಪ್ರಯೋಜನವಿಲ್ಲ."

ವಾದಗಳು ಹಾಗೇ ಉಳಿದವು.

ಭಾನುವಾರ, ಅಕ್ಟೋಬರ್ 22

ವೆಂಕಟರಮಣ ಅಂಕಲ್ ಮನೆಗೆ ಹೋದೆ. ಹಂಚದೆ ಉಳಿದ ಕರಪತ್ರಗಳನ್ನು ಒಯ್ಯಲಿಲ್ಲ. ಹಿಂಬದಿಯಲ್ಲೆಲ್ಲ ಮೊಸಳೆಗಳಿವೆ.

ಮಾತಾಡಬೇಕೆಂದು ಹೋದವಳು ಕೂತು ಕೇಳುತ್ತ ಹೋದೆ. ಪಾಸ್‌ಪೋರ್ಟ್ ಬರುವ ತನಕ ಎದೆ ಢವಢವ ಅನ್ನುತ್ತದೆ ಎಂದರು. ವರ್ಕ್ ಪರ್ಮಿಟ್ಟಿನ ಕಾಗದದಲ್ಲಿ ಕಂಪನಿಯವರು ಮಾಡಿದ ಸಣ್ಣ ತಪ್ಪಿಗೆ ಸ್ನೇಹಿತನೊಬ್ಬ ಹೆಂಡತಿ ಮಕ್ಕಳ ಸಮೇತ ವಾಪಸ್ ಹೋಗಬೇಕಾಯಿತಂತೆ. ಅವತ್ತಿನಿಂದ ಈ ದೇಶದ ಯಾವ ಪ್ರಶ್ನೆಗೂ ಕೇಳಿದವರಿಗೆ ಇಷ್ಟವಾಗುವ ಉತ್ತರವನ್ನೇ ಅಂಕಲ್ ಕೊಡುತ್ತ ಬಂದಿದ್ದಾರೆ. ನಾನು ಗೆಸ್ಟ್ ಮಾತಿಗೆ ಎದುರು ಹೇಳಿದ್ದು ನೆನಪಾಯಿತು. ಕಾಫಿ ಕುಡಿದೆ.

ದೇವ್ ಮೆಟ್ಟಿಲ ಮೇಲೆ ಕೂತು ಇನ್ನೆಬಾಂಡಿ ಕೋಲಿಗೆ ಟೇಪ್ ಸುತ್ತುತ್ತಿದ್ದ.

"ಅಪ್ಪ, ನೀವು ಫೋನ್ ಮಾಡಲ್ಲ ಅಂದ್ರೆ ನಾನ್ ಮಾಡ್ತೀನಿ" ಎಂದ. ಕನ್ನಡದಲ್ಲಿ. ಇದೂ ನಾನು ತಿರುಗಿಸಿದ್ದಲ್ಲ.

"ನೀನ್ ಏನೋ ಹೇಳ್ತೀಯ?"

"ನಮ್ಮಪ್ಪ ಮನೇಲಿ ಕನ್ನಡದಲ್ಲೇ ಬೈಯೋದು ಅಂತ."

ಅಂಕಲ್ ನಕ್ಕರು. ಆಮೇಲೆ ಲ್ಯಾಪ್‌ಟಾಪ್ ತೆರೆದು ಅರ್ಜಿ ತುಂಬಿದರು. ಮನೆಯ ಭಾಷೆ ಎಂಬಲ್ಲಿ ಕನ್ನಡ ಎಂದು ಹಾಕಿ, ಕಳಿಸುವ ಬಟನ್ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಕೂತರು. ನಾನು ಬಾಯಿ ಬಿಡಲಿಲ್ಲ. ಒತ್ತಿದರು.

"ಆಯ್ತಮ್ಮ. ನಾಳೆ ಏನಾದ್ರೂ ಆದ್ರೆ ನೀನೇ ನನ್ನ ಲಾಯರ್."

ತರಗತಿ ಸಿಕ್ಕೇಬಿಟ್ಟಿತು ಎಂದೇನೂ ಅಲ್ಲ. ಬಿರ್ಗಿಟ್ಟಾ ಬರುವ ದಿನ ಮತ್ತೆ ಅನಿಕಾ ಬಾಯಿ ಮುಚ್ಚಿಕೊಂಡರೆ? ಒಂಟಿ ಕಾಲುಚೀಲಗಳನ್ನು ಈಗಿನಿಂದಲೇ ಕೂಡಿಡಬೇಕು. ನಾನು ಒಂದು ತುದಿ ಹಿಡಿದು ಸುಮ್ಮನಿರಬೇಕು, ಅದೇ ಕಷ್ಟ.

ಬರುವಾಗ ನೆಲಮಾಳಿಗೆಗೆ ಇಳಿದು ಹಲಗೆಯಲ್ಲಿ ಬೀಗ ಸಿಕ್ಕಿಸಿ ಬಂದೆ. ಬಿರ್ಗಿಟ್ಟಾಗೆ, ನಾಲ್ಕೂ ಮನೆಗೆ ಒಂದೇ ಸಂದೇಶ ಕಳಿಸಿದೆ: ಗುರುವಾರ, ಅಕ್ಟೋಬರ್ 26, ಸಂಜೆ ನಾಲ್ಕು ಗಂಟೆ, ಒಗೆಯುವ ಕೋಣೆ. ಬೆಡ್‌ಶೀಟ್ ತನ್ನಿ.